ಅತ್ತೆಯ ಬಾಯಿ

ಹದಿನಾಲ್ಕು ವರ್ಷದಿಂದ ತಾಮ್ರದ ಗಣಿಯೂರು ಲುವಾನ್ಷ್ಯಾದ ಆಸ್ಪತ್ರೆಯಲ್ಲಿ ಊರವರ ಹಲ್ಲು ನೋಡುವವನು ನಾನೊಬ್ಬನೇ. ಗಣಿಯವರ ದವಡೆಹಲ್ಲು ಕಿತ್ತಿದ್ದೇನೆ, ಪಾದ್ರಿಯ ವಸಡು ಕೆರೆದಿದ್ದೇನೆ. ನನ್ನ ಮನೆಯಲ್ಲೇ ಕೊಳೆಯುತ್ತಿದ್ದ ಒಂದು ಬಾಯಿಯನ್ನು ಮಾತ್ರ ನೋಡುವ ಹಾಗಿರಲಿಲ್ಲ. ಅದು ಅತ್ತೆಯದು.

ನಮ್ಮಲ್ಲಿ ಅಳಿಯ ಅತ್ತೆಯ ಮುಖವನ್ನು ನೇರವಾಗಿ ನೋಡಬಾರದು, ಇಬ್ಬರೂ ಮಾತಾಡಬಾರದು, ಅವಳು ಉಣ್ಣುವಾಗ ಎದುರಿಗಿರಬಾರದು. ಹೆಣ್ಣಿನ ಕಡೆಯವರು ಗಡಿಗೆಗಟ್ಟಲೆ ಅಡುಗೆ ಮಾಡಿ ಅಳಿಯನಿಗೆ ಬಡಿಸಿ ‘ಬೆಂಕಿ ತೋರಿಸಿದ’ ಮೇಲೇ ಈ ಕಟ್ಟು ಸಡಿಲವಾಗುವುದು. ಮದುವೆಯಾಗಿ ಏಳು ವರ್ಷವಾದರೂ ಅದನ್ನು ಮಾಡಿಸಬೇಕಾದ ಅತ್ತೆಯ ಅಣ್ಣ ಕಟೊಂಗೊ ಮುಂದೂಡುತ್ತಲೇ ಬಂದ. ಒಂದು ವರ್ಷ ಯಾರದೋ ಸಾವು, ಇನ್ನೊಂದು ವರ್ಷ ಅವನ ಮಂಡಿನೋವು. ದೊಡ್ಡಮನುಷ್ಯ, ಕೇಳುವವರು ಯಾರು?

ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಅತ್ತೆ ನಮ್ಮಲ್ಲಿಗೆ ಬಂದಳು. ಎಂಟು ತಿಂಗಳಲ್ಲಿ ಎರಡು ಸಲ ನ್ಯುಮೋನಿಯಾ. ಮೂರನೆಯದು ಬಂದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಜೂನ್ ನಮ್ಮಲ್ಲಿ ಚಳಿಗಾಲ; ಆಗ ಮತ್ತೆ ಕೆಮ್ಮು ಶುರುವಾಯಿತು.

“ಚಳಿಗಾಳಿ ಕಣಯ್ಯಾ,” ಎಂದ ಕಟೊಂಗೊ.

“ಚಳಿಯಲ್ಲ ಮಾವ, ವಸಡು. ಬಾಯಿವಾಸನೆ ಬಾಗಿಲವರೆಗೂ ಬರ್ತಿದೆ. ಅವರಿಗೆ ಸರಿಯಾಗಿ ನುಂಗೋಕಾಗಲ್ಲ. ವಸಡಿನ ಕೊಳಕೆಲ್ಲ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳೀತಿದೆ.”

“ಹಲ್ಲಿನೋನಿಗೆ ಕಾಲುನೋವೂ ಹಲ್ಲಿಂದಲೇ ಬರುತ್ತೆ ಬಿಡು!” ಎಂದು ನಕ್ಕ. ಆ ನಗುವಿಗೆ ನನ್ನ ಮೈಯೆಲ್ಲ ಉರಿದುಹೋಯಿತು.

ನನ್ನ ಹೆಂಡತಿ ಲೊಂಬೆ ಅಮ್ಮನ ಮೈಗೆಲ್ಲ ಎಣ್ಣೆ ಹಚ್ಚುತ್ತಿದ್ದಳು, ದಿನಾ ಒಗೆದ ಬಟ್ಟೆ ಉಡಿಸುತ್ತಿದ್ದಳು. ನಾನು ಅತ್ತೆಯ ಕೋಣೆಯ ಬಾಗಿಲಿನ ಪರದೆಯ ಈಚೆ ನಿಂತು ಹಲ್ಲುಜ್ಜುವುದನ್ನು ಹೇಳಿಕೊಡುತ್ತಿದ್ದೆ.

“ಅಯ್ಯೋ, ರಕ್ತ ಬರ್ತಿದೆ ರೀ!”

“ಬರಲಿ, ನಿಲ್ಲಿಸಬೇಡ ಕಣೇ! ಉಜ್ಜದೆ ಬಿಟ್ಟಿದ್ದಕ್ಕೇ ಅದು ಬರ್ತಿರೋದು!”

“ಅಮ್ಮನ್ನ ಗಾಯ ಮಾಡೋಕೆ ನನ್ನ ಕೈಲಾಗಲ್ಲಪ್ಪ.”

ಪ್ರತಿ ಸಲವೂ ಇದೇ. ಕೊನೆಗೆ ತುಟಿಯಂಚಿಗೆ ಒದ್ದೆಬಟ್ಟೆ ಸವರಿ ಸುಮ್ಮನಾಗುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅತ್ತೆ ಗಂಜಿ ಕುಡಿಯುತ್ತಾ ಕೆಮ್ಮಿದ ಸದ್ದು ಕೇಳಿ ನನಗೆ ತಡೆಯಲಾಗಲಿಲ್ಲ. ಲೊಂಬೆಯನ್ನು ಕಾರು ತರಲು ಕಳಿಸಿ, ಹಲ್ಲಿನ ಸಲಕರಣೆಯ ಚೀಲ ಎತ್ತಿಕೊಂಡು ಪರದೆ ಸರಿಸಿದೆ. ತಂಗಿಯನ್ನು ನೋಡಲು ಬಂದು ಬಾಗಿಲಲ್ಲಿ ಕೂತಿದ್ದ ಕಟೊಂಗೊ ಕಾಲು ಅಡ್ಡ ಚಾಚಿದ.

“ನಾಚಿಕೆ ಆಗಲ್ವೇನೋ? ಬೆಂಕಿ ತೋರಿಸಿಲ್ಲ ನಿನಗೆ!”

“ಏಳು ವರ್ಷ ತೋರಿಸದೇ ಇದ್ದೋರು ಯಾರು? ಅವರ ಹೆಣದ ಮುಂದೆ ತೋರಿಸ್ತೀರಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಬಟ್ಟಲು ಸರಿದ ಸದ್ದಾಯಿತು. ಅತ್ತೆ ಎಡಗೈಯಿಂದ ತನ್ನ ಕಡಲೆಕಾಯಿ ಗಂಜಿಯನ್ನು ನನ್ನ ಕಡೆಗೆ ತಳ್ಳುತ್ತಿದ್ದಳು.

“ತಿ... ತಿನ್ನು,” ಎಂದಳು. ಏಳು ವರ್ಷದಲ್ಲಿ ಅವಳು ನನಗೆ ಆಡಿದ ಮೊದಲ ಮಾತು.

ಅತ್ತೆಯೇ ಬಡಿಸಿದಂತಾಯಿತು; ಕಟೊಂಗೊ ಕಾಲು ಹಿಂದಕ್ಕೆಳೆದುಕೊಂಡ. ನಾನು ನೆಲದ ಮೇಲೆ ಕೂತು ಒಂದು ಚಮಚ ತಿಂದೆ. ಅತ್ತೆ ನನ್ನನ್ನೇ ನೋಡುತ್ತಾ ಬಾಯಿ ತೆರೆದಳು.

“ಮಾವ, ಬೆಂಕಿಯಂತೂ ತೋರಿಸಲಿಲ್ಲ. ಈ ಟಾರ್ಚನ್ನಾದ್ರೂ ಹಿಡೀರಿ.”

ಹಿಡಿದ. ವಾಸನೆಗೆ ಮುಖ ತಿರುಗಿಸಿದ.

“ತಿರುಗಬೇಡಿ, ನೋಡಿ! ನೀವು ಚಳಿ ಅಂದಿದ್ದು ಇದನ್ನೇ.”

ವಸಡು ಉಜ್ಜತೊಡಗಿದೆ. ರಕ್ತ ಬಂತು. ನಾನು ನಿಲ್ಲಿಸಲಿಲ್ಲ. ಕಾರು ಬಂದ ಮೇಲೆ ಆಸ್ಪತ್ರೆಗೆ ಕರೆದೊಯ್ದೆವು.

ಆ ಚಳಿಗಾಲದಲ್ಲಿ ಅತ್ತೆ ಉಳಿದಳು. ಈಗ ದಿನಾ ಎರಡು ಹೊತ್ತು ಅವಳ ಹಲ್ಲುಜ್ಜುವವನು ನಾನೇ. ಕಟೊಂಗೊನ ಮೇಲಿನ ಸಿಟ್ಟು ಯಾವಾಗಲೋ ಇಳಿಯಿತು. ಕೆಲಸ ಗೊತ್ತಿದ್ದೂ ಎಂಟು ತಿಂಗಳು ಪರದೆಯ ಈಚೆ ನಿಂತವನ ಮೇಲಿನದು ಇನ್ನೂ ಇಳಿದಿಲ್ಲ.