ಎರಡು ಬೆರಳಿನ ಹಲಗೆ

‘ಕಲಾವಿದರು: ಅಜ್ಞಾತ’ ಎಂಬ ಚೀಟಿಯನ್ನು ಕಸ ಗುಡಿಸುವವಳು ಆ ಬೆಳಗ್ಗೆ ಮೂರನೇ ಸಲ ಕಿತ್ತಳು.

ಒಂದು ಕಾಲಕ್ಕೆ ಕೋರ್ಟಾಗಿದ್ದ ಆ ಕಲ್ಲಿನ ಕಟ್ಟಡ ಈಗ ಊರಿನ ಮ್ಯೂಸಿಯಂ. ಸಾಕ್ಷಿಕಟ್ಟೆ ಇದ್ದ ಜಾಗದಲ್ಲೇ ಅವಳ ಅಪ್ಪ ಹಲಗೆಯ ಮೇಲೆ ಬಿಡಿಸಿದ ಚಿತ್ರ ತೂಗುತ್ತಿತ್ತು: ಇದೇ ಕಟ್ಟಡ, ಮೆಟ್ಟಿಲ ಮೇಲೆ ಕಾದು ಕೂತ ಜನ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು.

“ಇನ್ನೊಂದು ಸಲ ಮುಟ್ಟಿದ್ರೆ ನಾಳೆಯಿಂದ ಬರಬೇಡ,” ಎಂದ ಮೇಲ್ವಿಚಾರಕ. “ಹನ್ನೊಂದಕ್ಕೆ ಬಾಗಿಲು ತೆಗೀಬೇಕು. ನಿಮ್ಮಪ್ಪನ ಹೆಸರೆಲ್ಲಿದೆ? ತೋರಿಸು.”

“ಬೋರ್ಡಿನೋರು ಕೆಳಗಂಚಲ್ಲಿ ಬರೀತಾರೆ ಸಾರ್. ಚೌಕಟ್ಟು ಬಿಚ್ಚಿಸಿ.”

ಬಿಚ್ಚಲು ಬಂದವನು ಮ್ಯೂಸಿಯಮ್ಮಿನ ಬಡಗಿ, ಅವಳ ಅಣ್ಣ. ಅಪ್ಪ ಸತ್ತಾಗಿನಿಂದ ಇಬ್ಬರಿಗೂ ಮಾತಿಲ್ಲ. ಚೌಕಟ್ಟು ಕಳಚಿತು. ಅಂಚಿನಲ್ಲಿ ಹೆಸರಿರಲಿಲ್ಲ, ಗರಗಸದ ಹೊಸ ಗುರುತಿತ್ತು.

“ನೀನೇ ಕುಯ್ದೆಯಾ?”

“ಹಳೇ ಚೌಕಟ್ಟೇ ಬೇಕು ಅಂದ್ರು. ಹಲಗೆ ಎರಡು ಬೆರಳು ಜಾಸ್ತಿ ಇತ್ತು. ಬಣ್ಣ ಏಳಬಾರ್ದು ಅಂತ ಬೋರಲು ಹಾಕಿ ಮೆಷಿನ್ನಿಗೆ ಕೊಟ್ಟೆ. ನೋಡ್ಲಿಲ್ಲ.”

“ಬದುಕಿದ್ದಾಗ್ಲೂ ನೀನು ಅಪ್ಪನ್ನ ನೋಡಿದ್ದು ಅಷ್ಟರಲ್ಲೇ ಇದೆ.”

“ಸಾಕು, ಪೊರಕೆ ಹಿಡ್ಕೊಂಡು ನಡಿ,” ಎಂದ ಅಣ್ಣ.

“ತುಂಡೆಲ್ಲಿ?”

ಅವನ ಕಣ್ಣು ಮೂಲೆಗೆ ಹೋಯಿತು, ಅವಳಿಗೆ ಅಷ್ಟೇ ಸಾಕಾಯಿತು. ಹಳೆಯ ನೆಲ ಏರುಪೇರು. ಆ ಮೂಲೆಯಲ್ಲಿ ಕುಲುಕುತ್ತಿದ್ದ ಗಾಜಿನ ಪೆಟ್ಟಿಗೆಯ ಕಾಲಿನಡಿ ಅವನು ಮರದ ಚೂರು ಕೊಟ್ಟಿದ್ದು ದಿನಾ ಗುಡಿಸುವವಳಿಗೆ ಗೊತ್ತಿತ್ತು. ಮಂಡಿಯೂರಿ ಎಳೆದಳು. ಪೆಟ್ಟಿಗೆ ವಾಲಿತು. ಒಳಗೆ ಯಾವುದೋ ನ್ಯಾಯಾಧೀಶರ ಮಸಿಕುಡಿಕೆ ಉರುಳಿತು.

ಮೇಲ್ವಿಚಾರಕ ಅರಚಿದ. ಅದನ್ನು ಕಿವಿಗೇ ಹಾಕಿಕೊಳ್ಳದೆ ಅವಳು ತುಂಡನ್ನು ಒರೆಸಿ ಚಿತ್ರದ ಕೆಳಗೆ ಹಿಡಿದಳು. ಅರ್ಧ ಮೆಟ್ಟಿಲಿಗೆ ಇನ್ನರ್ಧ ಮೆಟ್ಟಿಲು ಕೂಡಿತು. ಅದರಡಿ ಕೆಂಪಕ್ಷರದಲ್ಲಿ ಅಪ್ಪನ ಹೆಸರು.

ಮೇಲ್ವಿಚಾರಕ ಹಲ್ಲು ಕಚ್ಚಿ ಹೊಸ ಚೀಟಿ ತೆಗೆದ. “ಹೆಸರು ಬರೀತೀನಿ. ಆಯ್ತಲ್ಲ?”

“ಇಲ್ಲ. ಕೆಳಗಂಚು ಕುಯ್ದಿದೆ ಅಂತಾನೂ ಬರೀರಿ. ಯಾರು ಕುಯ್ದಿದ್ದು ಅಂತಾನೂ.”

“ಲೇ, ನಾನು ನಿನ್ನ ಅಣ್ಣ ಕಣೇ!”

“ಅದನ್ನೂ ಬರೀಲಿ. ಮಗ ಅಂತ.”

ಬಡಗಿ ಪೆಟ್ಟಿಗೆಯ ಕಾಲಿಗೆ ಹೊಸ ಚೂರು ಕುಯ್ಯಲು ಬಿರಬಿರನೆ ಹೊರಗೆ ಹೋದ. ಅವನು ಬರುವವರೆಗೆ ಅವಳೇ ವಾಲಿದ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಳು. ಕೈಯಲ್ಲಿದ್ದ ತುಂಡನ್ನು ಮಾತ್ರ ಯಾರಿಗೂ ಕೊಡಲಿಲ್ಲ.