ದೋಣಿ ಕರಡಿಯ ಕೊನೆಯ ಕಂತು

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ತಂಗಿ ಆಸ್ಪತ್ರೆಯಲ್ಲಿ ಮಲಗಿದ್ದ ಅಣ್ಣನ ದಿಂಬಿನ ಪಕ್ಕ ಫೋನ್ ನಿಲ್ಲಿಸಿ, ಅದು ಜಾರದಂತೆ ಹಿಂದೆ ನೀರಿನ ಲೋಟ ಇಟ್ಟಳು. ಇಪ್ಪತ್ತಾರು ಕಂತುಗಳಲ್ಲಿ ಇಪ್ಪತ್ತೈದು ಮುಗಿದಿದ್ದವು. ಅಣ್ಣ ಒಂದಕ್ಕೂ ತುಟಿ ಅಲುಗಿಸಿರಲಿಲ್ಲ. ಉಳಿದದ್ದು ಒಂದೇ ಕಂತು. ಹನ್ನೊಂದಕ್ಕೆ ಡಾಕ್ಟರ್ ಬರುವವರಿದ್ದರು.

ಡಾಕ್ಟರ್ ಗುರುವಾರವೇ ಖಡಾಖಂಡಿತವಾಗಿ ಹೇಳಿದ್ದರು. "ಮೆದುಳಲ್ಲಿ ರಕ್ತ ಸೋರಿ ಹತ್ತೊಂಬತ್ತು ದಿನ ಆಯ್ತು. ಕಣ್ಣು ಬಿಡ್ತಾರೆ ನಿಜ. ಆದ್ರೆ ನಮ್ಮ ಮಾತು ಅವರಿಗೆ ಅರ್ಥ ಆಗ್ತಿದೆ ಅನ್ನೋದಕ್ಕೆ ಒಂದೇ ಒಂದು ಗುರುತು ಇಲ್ಲ. ಶನಿವಾರ ಇನ್ನೊಂದ್ಸಲ ನೋಡ್ತೀನಿ. ಏನಾದ್ರೂ ಕಂಡ್ರೆ ಮಾತು, ನಡಿಗೆ ಕಲಿಸೋ ವಾರ್ಡಿಗೆ ಕಳಿಸೋಣ. ಇಲ್ಲಾಂದ್ರೆ ಊರಾಚೆ ಆರೈಕೆ ಕೇಂದ್ರ."

ಆ ಕೇಂದ್ರವನ್ನು ಅತ್ತಿಗೆ ಹೋಗಿ ನೋಡಿ ಬಂದಿದ್ದರು. ಬಂದವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಊಟ ಹಾಕ್ತಾರೆ, ಮಗ್ಗುಲು ಬದಲಿಸ್ತಾರೆ, ಅಷ್ಟೇ ಕಣೇ. ಯಾರೂ ಯಾರ ಹತ್ರಾನೂ ಮಾತಾಡಲ್ಲ. ಅಲ್ಲಿಂದ ಎದ್ದು ಬಂದೋರು ಎಷ್ಟು ಜನ ಅಂತ ಕೇಳಿದ್ರೆ ಆಯಮ್ಮ ಮುಖ ಆ ಕಡೆ ಮಾಡಿದ್ಲು."

ಅವರಿಗೆ ತುಂಬಾ ಇಷ್ಟವಾದದ್ದೇನಾದರೂ ಕೇಳಿಸಿ ನೋಡಿ ಎಂದು ಹೇಳಿದವಳು ನರ್ಸ್. ಅತ್ತಿಗೆ, ತಂಗಿ ಇಬ್ಬರೂ ಒಂದೇ ಉಸಿರಿಗೆ "ದೋಣಿ ಕರಡಿ" ಎಂದರು. ನಲವತ್ತೆಂಟು ವರ್ಷದ ಗಂಡಸಿಗೆ ಇಷ್ಟವಾದದ್ದು ಮಕ್ಕಳ ಕಾರ್ಟೂನು ಎಂದು ಕೇಳಿ ನರ್ಸ್ ನಗು ತಡೆದುಕೊಂಡಳು. ನಗಲಿ ಪಾಪ, ಅವಳಿಗೇನು ಗೊತ್ತು.

ಅಣ್ಣ ಶಾಲಾ ಬಸ್ಸಿನ ಡ್ರೈವರ್. ಅವನ ಬಸ್ಸು ಹತ್ತಿದ ಮಕ್ಕಳಿಗೆಲ್ಲ ದೋಣಿ ಕರಡಿಯ ಕಥೆ ಬಾಯಿಪಾಠ. ಅಮ್ಮನನ್ನು ಕಳೆದುಕೊಂಡ ಮರಿಕರಡಿಯೊಂದು ಪುಟ್ಟ ದೋಣಿ ಹತ್ತಿ ಹುಡುಕಿಕೊಂಡು ಹೊರಡುತ್ತದೆ. ಬಿರುಗಾಳಿಗೆ ಬೈಯುತ್ತದೆ, ತಿಮಿಂಗಿಲದ ಹತ್ತಿರ ದಾರಿ ಕೇಳಿ ಉಗಿಸಿಕೊಳ್ಳುತ್ತದೆ. ಕೊನೆಯ ಕಂತಿನಲ್ಲಿ ದಡ ಸೇರುತ್ತದೆ. ದೀಪದ ಕಂಬದ ಕೆಳಗೆ ಅಮ್ಮ ಕೂತಿರುತ್ತಾಳೆ. "ಇಷ್ಟು ತಡ ಯಾಕೋ, ಸ್ನಾನ ಮಾಡಿದ್ಯಾ ಇಲ್ವಾ?" ಎಂದು ಕೇಳುತ್ತಾಳೆ. ಈ ಮಾತು ಬಂದಾಗ ಅಣ್ಣ ಪ್ರತಿ ಸಲವೂ ಬಸ್ಸು ಪಕ್ಕಕ್ಕೆ ಹಾಕಿ ಕಣ್ಣೊರೆಸಿಕೊಳ್ಳುತ್ತಿದ್ದನಂತೆ. ಅಣ್ಣ ತಂಗಿಯ ಅಮ್ಮ ತೀರಿಕೊಂಡದ್ದು ಅವನಿಗೆ ಒಂಬತ್ತು ವರ್ಷವಾದಾಗ. ಮರುವರ್ಷ ಟಿವಿಯಲ್ಲಿ ದೋಣಿ ಕರಡಿ ಬಂತು.

ಟಿವಿಯೇನೂ ಅವರದಲ್ಲ. ಎದುರು ಸಾಲಿನ ವಾಚ್ ಅಂಗಡಿಯವರ ಮನೆಯದು. ಒಳಗೆ ಕರೆಯುವ ಜಾಯಮಾನ ಅವರದಲ್ಲ, ಕೇಳುವ ಧೈರ್ಯ ಇವರಿಗಿಲ್ಲ. ಕಿಟಕಿಯೋ ಎತ್ತರದಲ್ಲಿತ್ತು, ಗಾಜು ಮುಚ್ಚಿರುತ್ತಿದ್ದರಿಂದ ಸದ್ದು ಹೊರಗೆ ಬರುತ್ತಿರಲಿಲ್ಲ. ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಅಣ್ಣ ಎರಡು ಇಟ್ಟಿಗೆ ಪೇರಿಸಿ ಅದರ ಮೇಲೆ ನಿಲ್ಲುತ್ತಿದ್ದ. ಆರು ವರ್ಷದ ತಂಗಿ ಅವನ ಹೆಗಲೇರಿ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು. ಅವನ ಮೂಗಿಗೆ ಗೋಡೆ ತಾಗುತ್ತಿತ್ತು. ಅರ್ಧ ಗಂಟೆ ಅವನಿಗೆ ಕಾಣಿಸುತ್ತಿದ್ದದ್ದು ಸುಣ್ಣ ಮಾತ್ರ. ಅವಳು ಮೇಲಿನಿಂದ ಹೇಳುತ್ತಾ ಹೋಗುತ್ತಿದ್ದಳು, ಅವನು ಕೆಳಗಿನಿಂದ "ಆಮೇಲೆ? ಆಮೇಲೆ?" ಎನ್ನುತ್ತಿದ್ದ. ಅವಳಿಗೆ "ರೇಡಿಯೋ" ಎಂದು ಅಡ್ಡಹೆಸರು ಬಿದ್ದದ್ದು ಆಗಲೇ.

ಆ ರೇಡಿಯೋ ಈಗ ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಕೆಲಸಕ್ಕಿತ್ತು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಹೊಸ ಜಿಪ್ ಹಾಕುವುದು. ಈ ಕಾರ್ಟೂನಿಗಾಗಿ ಅವಳು ಕೆಲಸ ಬಿಟ್ಟು ಅಲೆಯದ ಜಾಗವಿಲ್ಲ. ಹಳೆಯ ಕ್ಯಾಸೆಟ್ ಮಾರುವವನು ಇಲ್ಲವೆಂದು ಕೈಯಾಡಿಸಿಬಿಟ್ಟ. ಕೇಬಲ್‌ನವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಕಡೆಗೆ ಪಕ್ಕದ ಅಂಗಡಿಯ ಮೊಬೈಲ್ ರಿಪೇರಿಯವನು ಯಾವುದೋ ದೇಶದ ಯಾರೋ ಪುಣ್ಯಾತ್ಮ ಕೂಡಿಟ್ಟಿದ್ದ ಇಪ್ಪತ್ತಾರೂ ಕಂತು ಹುಡುಕಿ ಅವಳ ಫೋನಿಗೆ ತುಂಬಿಸಿಕೊಟ್ಟಾಗ ಅವಳು ಅಲ್ಲೇ, ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಅತ್ತಿದ್ದಳು.

ಆದರೆ ಮೊದಲ ಕಂತಿನಿಂದಲೂ ಏನೋ ಎಡವಟ್ಟಾಗಿತ್ತು. ಕರಡಿ ಮಾತಾಡುತ್ತಿರಲಿಲ್ಲ. ಬರೀ ಸಂಗೀತ. ತಿಮಿಂಗಿಲ ಬರಲೇ ಇಲ್ಲ. ಎಲ್ಲೋ ಕತ್ತರಿಸಿದ್ದಾರೆ ಹಾಳಾದವರು ಎಂದು ಬೈದುಕೊಂಡಿದ್ದಳು. ಹೋಗಲಿ, ಕೊನೆಯದರಲ್ಲಿ ಅಮ್ಮ ಬರುತ್ತಾಳಲ್ಲ, ಅಣ್ಣ ಅಲುಗಿದರೆ ಅಲ್ಲೇ ಅಲುಗುತ್ತಾನೆ ಎಂದು ಅದೊಂದನ್ನೇ ನೆಚ್ಚಿಕೊಂಡಿದ್ದಳು.

ಕೊನೆಯ ಕಂತು ಇಪ್ಪತ್ತೆರಡು ನಿಮಿಷ ಓಡಿತು. ಕರಡಿ ದೋಣಿಯಲ್ಲಿ ಕೂತು ಮೀನು ಹಿಡಿಯಿತು, ನಿದ್ದೆ ಮಾಡಿತು, ಎದ್ದು ನಮ್ಮ ಕಡೆಗೆ ಕೈಬೀಸಿತು. ಸುತ್ತಲೂ ನೀರು. ಅಲ್ಲಿಗೆ ಮುಗಿಯಿತು.

ದಡ ಎಲ್ಲಿ? ಅಮ್ಮ ಎಲ್ಲಿ? ತಂಗಿ ಬೆರಳಿನಿಂದ ಹಿಂದಕ್ಕೆ ಎಳೆದಳು, ಮುಂದಕ್ಕೆ ಎಳೆದಳು. ಮೊದಲಿನಿಂದ ಇನ್ನೂ ಮೂರು ಸಲ ನೋಡಿದಳು. ಆಗ ಅವಳಿಗೆ ಒಂದು ಪರದೆ ನೆನಪಾಯಿತು.

ನೀಲಿ ಪರದೆ. ಒಂಬತ್ತೂಕಾಲಿಗೆಲ್ಲ ಬಿಸಿಲು ಟಿವಿಯ ಮೇಲೆ ಬೀಳುತ್ತದೆಂದು ವಾಚ್ ಅಂಗಡಿಯವರ ಹೆಂಡತಿ ಬಂದು ಎಳೆದುಬಿಡುತ್ತಿದ್ದಳು. ಪ್ರತಿ ವಾರವೂ. ಆಮೇಲೆ ಕಾಣಿಸುತ್ತಿದ್ದದ್ದು ಬಟ್ಟೆ ಮಾತ್ರ. ಹಾಗೆಂದು ಹೇಳಿದರೆ ಅಣ್ಣ ಕೆಳಗಿಳಿಸುತ್ತಾನೆ, ಅವನ ಹೆಗಲಿನಿಂದ ಇಡೀ ಬೀದಿ ಕಾಣಿಸುತ್ತದೆ, ಇಳಿಯಲು ಅವಳಿಗೆ ಮನಸ್ಸಿಲ್ಲ. ಹಾಗಾಗಿ ಬಾಯಿಗೆ ಬಂದದ್ದು ಹೇಳುತ್ತಾ ಹೋದಳು. ತಿಮಿಂಗಿಲ ಅವಳದು. ದೀಪದ ಕಂಬ ಅವಳದು. ಅಮ್ಮನ ಮಾತೂ ಅವಳದೇ. ಅಣ್ಣ ಅದನ್ನು ಮೂವತ್ತೆಂಟು ವರ್ಷ ಹೇಳಿ ಹೇಳಿ, ಕಡೆಕಡೆಗೆ ಅವಳಿಗೂ ಅದು ಕಣ್ಣಾರೆ ಕಂಡದ್ದೇ ಆಗಿಹೋಗಿತ್ತು. ಎರಡು ದಿನದಿಂದ ಅವಳು ಅಣ್ಣನಿಗೆ ಅವನು ಎಂದೂ ಕಂಡಿರದ, ಎಂದೂ ಕೇಳಿರದ ಏನನ್ನೋ ತೋರಿಸುತ್ತಿದ್ದಳು.

ಹತ್ತೂಮುಕ್ಕಾಲು. ಫೋನ್ ಆಚೆಗಿಟ್ಟು ಅಣ್ಣನ ಕಿವಿಗೆ ಬಾಗಿದಳು. "ಅಣ್ಣಾ, ಕೇಳ್ಸ್ಕೋ. ಕರಡಿ ದಡಕ್ಕೆ ಬಂತು. ದೀಪದ ಕಂಬ. ಅಮ್ಮ ಕೂತಿದಾಳೆ. ಇಷ್ಟು ತಡ ಯಾಕೋ, ಸ್ನಾನ ಮಾಡಿದ್ಯಾ ಇಲ್ವಾ?" ಅಣ್ಣ ಚಾವಣಿ ನೋಡುತ್ತಲೇ ಇದ್ದ. ಮತ್ತೆ ಹೇಳಿದಳು. ಮೂರನೇ ಸಲ ಹೇಳಿದಳು. ಏನೂ ಇಲ್ಲ. ಹೊರಗೆ ಔಷಧಿಯ ಗಾಡಿ ತಳ್ಳುವ ಸದ್ದು ಹತ್ತಿರವಾಗುತ್ತಿತ್ತು.

ಅವಳ ಕಟ್ಟೆ ಒಡೆಯಿತು. "ನಾನು ಸುಳ್ಳು ಹೇಳ್ದೆ ಅಣ್ಣ," ಎಂದು ಬಿಕ್ಕಿದಳು. "ಅವರು ಪರದೆ ಹಾಕ್ಬಿಡ್ತಿದ್ರು. ಆಮೇಲೆ ನಾನು ಏನೂ ನೋಡ್ಲಿಲ್ಲ. ಕರಡಿ ದಡ ಸೇರ್ಲೇ ಇಲ್ಲ. ಅಮ್ಮ ಬರ್ಲೇ ಇಲ್ಲ. ಎಲ್ಲಾ ನಾನೇ ಕಟ್ಟಿದ್ದು. ನಿನ್ನ ಹೆಗಲ ಮೇಲೆ ಕೂತ್ಕೊಂಡು, ನಿಂಗೇ ಮೋಸ ಮಾಡ್ದೆ."

ಅಣ್ಣನ ಕಣ್ಣು ಚಾವಣಿಯಿಂದ ಇಳಿದು ಅವಳ ಮುಖಕ್ಕೆ ಬಂತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

"ತಿರುಗಿಸಿದ್ರು! ತಾವಾಗೇ ತಿರುಗಿಸಿದ್ರು!" ಔಷಧಿಯ ಗಾಡಿಯೊಂದಿಗೆ ಬಾಗಿಲಿಗೆ ಬಂದಿದ್ದ ನರ್ಸ್ ಕೂಗಿದಳು. ಅತ್ತಿಗೆ ಓಡಿಬಂದರು. ಅವರ ಹಿಂದೆಯೇ ಡಾಕ್ಟರ್ ಬಂದು ಕಣ್ಣಿಗೆ ಟಾರ್ಚ್ ಹಾಕಿ ನೋಡಿದರು, ಹೆಸರು ಹಿಡಿದು ಕರೆದರು, ಬೆರಳು ಹಿಡಿಯಲು ಹೇಳಿದರು. ಅಣ್ಣ ಕಲ್ಲಿನಂತೆ ಮಲಗಿದ್ದ.

"ಕತ್ತು ಸುಮ್ನೆ ಹೊರಳಿರ್ಬಹುದು," ಎಂದರು ಡಾಕ್ಟರ್. "ನನ್ನ ಕಣ್ಣಿಗೆ ಕಂಡ್ರೆ ಮಾತ್ರ ಬರೀಬಹುದು. ಏನು ಹೇಳಿದ್ರಿ ನೀವು? ಅದನ್ನೇ ಇನ್ನೊಂದ್ಸಲ ಹೇಳಿ."

ತಂಗಿ ಮಂಚ ಸುತ್ತಿಕೊಂಡು ಗೋಡೆಯ ಕಡೆಗೆ ಹೋದಳು. ಅಣ್ಣನ ಕಣ್ಣಂಚು ಒದ್ದೆಯಾಗಿತ್ತು. ತಮಾಷೆಗೆ ಹೇಳಿದೆ ಅಣ್ಣ, ಅಮ್ಮ ಬಂದಿದ್ದಳು, ನಾನೇ ನೋಡಿದ್ದೆ ಎಂದುಬಿಡಲು ಅವಳು ಬಾಯಿ ತೆರೆದಳು. ಹಾಗೆಂದರೆ ಅವನಿಗೆ ಸಮಾಧಾನವಾದೀತು. ಆದರೆ ಸಮಾಧಾನವಾಗಿ ಮಲಗಿದವನನ್ನು ಇವರು ಊರಾಚೆಗೆ ಸಾಗಿಸುತ್ತಾರೆ.

"ಹೇಳೇ, ನಿನ್ನ ಕಾಲಿಗೆ ಬೀಳ್ತೀನಿ," ಎಂದರು ಅತ್ತಿಗೆ.

ತಂಗಿ ಅಣ್ಣನ ಕಣ್ಣಿಗೆ ಕಣ್ಣಿಟ್ಟಳು. "ಅಮ್ಮ ಬರ್ಲೇ ಇಲ್ಲ ಅಣ್ಣ," ಎಂದಳು. "ನಾನು ಸುಳ್ಳು ಹೇಳಿದ್ದು."

ಅಣ್ಣ ಅವಳನ್ನು ನೋಡಿದ. ಬಾಯಿ ಒಂದಿಷ್ಟು ಸೊಟ್ಟಗಾಯಿತು. ಕತ್ತಿನ ನರ ಉಬ್ಬಿ ಬರುವಷ್ಟು ಕಷ್ಟಪಟ್ಟು, ನಿಧಾನವಾಗಿ, ಮುಖವನ್ನು ಅವಳಿಲ್ಲದ ಕಡೆಗೆ ತಿರುಗಿಸಿದ.

"ಸಾಕು," ಎಂದು ಡಾಕ್ಟರ್ ಬರೆಯತೊಡಗಿದರು. "ನಾಳೆ ಬೆಳಗ್ಗೆ ಆ ವಾರ್ಡಿಗೆ ಕಳಿಸೋಣ." ಅತ್ತಿಗೆ ತಂಗಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಗಂಡನ ಮುಖದ ಕಡೆಗೆ ಓಡಿದರು. ತಂಗಿಗೆ ಯಾವ ಕಡೆಗೆ ಹೋಗಿ ನಿಲ್ಲಬೇಕೆಂದು ತಿಳಿಯಲಿಲ್ಲ. ಅವಳು ಮಂಚದ ಕಾಲಬುಡದಲ್ಲಿ ನಿಂತುಕೊಂಡಳು.