ಮೂರರಿಂದ ನಾಲ್ಕು

ಕೆಲ್ವಾನ್ ಗುಂಡೇಟಿಗೆ ತೀರಿಕೊಂಡ ಮೇಲೆ ಬಂದ ಅವನ ಮೊದಲ ಹುಟ್ಟುಹಬ್ಬಕ್ಕೆ ನಮಗೆ ಸಿಕ್ಕಿದ್ದು ಒಂದೇ ಗಂಟೆ. ಮೂರರಿಂದ ನಾಲ್ಕು. ಅಷ್ಟು ಹೊತ್ತು ರೈಲುಹಳಿಯ ಆಚೆಯ ಹುಡುಗರು ಗುಂಡು ಹಾರಿಸುವುದಿಲ್ಲ. ನಾಲ್ಕಕ್ಕೆ ಸರಿಯಾಗಿ ಈಚೆಯ ನಾವು ಬೀದಿಯ ಮೂಲೆ ಬಿಟ್ಟು ಚದುರಬೇಕು. ಆ ಮಾತು ಪಡೆಯಲು ಓಝೆಲ್ ಅಂಕಲ್ ಹನ್ನೊಂದು ದಿನ ಅಲೆದಿದ್ದರು. ಹದಿನಾರು ವರ್ಷ ಜೈಲಿನಲ್ಲಿದ್ದು ಬಂದವರು. ಹಳಿಯ ಎರಡೂ ಕಡೆಯ ಹುಡುಗರು ಕಿವಿಗೊಡುವುದು ಅವರೊಬ್ಬರಿಗೇ.

ನಾನು ಅವರದೇ ಕಚೇರಿಯಲ್ಲಿ ಕಾಗದಪತ್ರ ನೋಡುವವಳು. ಬೀದಿಯ ಗುಂಡಿನ ಜಗಳ ತಡೆಯುವುದು ನಮ್ಮ ಕೆಲಸ. ಶಿಕಾಗೋದ ಈ ಪಶ್ಚಿಮದ ಬೀದಿಗಳಲ್ಲಿ ಯಾರು ಗುಂಡು ಹೊಡೆಯಬಹುದು, ಯಾರಿಗೆ ಗುಂಡು ಬೀಳಬಹುದು ಎಂಬ ಪಟ್ಟಿ ನಮ್ಮಲ್ಲಿದೆ. ಹಲವು ಹೆಸರುಗಳು ಎರಡಕ್ಕೂ ಸಲ್ಲುತ್ತವೆ. ಅವರಿಗೆ ಕೆಲಸ ಹುಡುಕುತ್ತೇವೆ, ಕೋರ್ಟಿಗೆ ಜೊತೆಯಲ್ಲಿ ಹೋಗುತ್ತೇವೆ. ಪಟ್ಟಿಯ ಮೊದಲ ಹೆಸರು ಕೆಲ್ವಾನನ ತಮ್ಮ ಡಾರ್ನೆಜ್‌ನದು. ಇಪ್ಪತ್ತೆರಡು ವರ್ಷ. ಬೇಕರಿಯೊಂದರಲ್ಲಿ ಕೆಲಸ ಸಿಕ್ಕಿ ಮೂರು ವಾರವಾಗಿತ್ತು. ಅಂದು ಪಾಳಿ ಮುಗಿಸಿ, ಎದೆಯ ಮೇಲೆ ಬೇಕರಿಯ ಹೆಸರಿದ್ದ ಅಂಗಿಯಲ್ಲೇ ಬಂದಿದ್ದ.

“ನಾನು ರೈಲು ಸೇತುವೆ ಕೆಳಗೆ ನಿಂತಿರ್ತೀನಿ, ಆಚೆಯವ್ರ ಕಣ್ಣಿಗೆ ಕಾಣ್ತಿರ್ಬೇಕು ಅಂತ ಮಾತಾಗಿದೆ,” ಎಂದರು ಓಝೆಲ್ ಅಂಕಲ್. ಕಾಲೇಜು ಓದಿದ ನನಗೆ ಅವರಿಟ್ಟ ಹೆಸರು ‘ಕಾಲೇಜು’. “ಇಲ್ಲಿ ಟೈಮ್ ನೋಡ್ಕೊಳ್ಳೋದು ನೀನು, ಕಾಲೇಜು. ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಕೂಗಿ ಹೇಳು. ಕೂಗಿ! ನಿನ್ನ ದಿನಚರಿ ಪುಸ್ತಕದ ಹತ್ರ ಪಿಸುಗುಟ್ಟಿದ ಹಾಗಲ್ಲ.”

ಡಾರ್ನೆಜ್ ನಕ್ಕ. “ಇವ್ರು ಕೂಗಿದ್ರೆ ನಾನೇ ಹೆದ್ರಿ ಓಡೋಗ್ತೀನಿ, ಅಂಕಲ್.”

ಮೂಲೆಯ ದೀಪದ ಕಂಬಕ್ಕೆ ಕೆಲ್ವಾನನ ಫೋಟೊ ಕಟ್ಟಿದ್ದರು. ಮಾರ್ಚ್ ತಿಂಗಳ ಗಾಳಿಗೆ ನೀಲಿ ಬಲೂನುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಮೂರೂವರೆಯಾದರೂ ಅವನ ತಾಯಿ ಮಿಸ್ ವರ್ನೀಟಾ ಅವನ ನೆನಪಿಗೆಂದು ತಂದ ಆ ಬಲೂನುಗಳನ್ನು ಆಕಾಶಕ್ಕೆ ಬಿಡಲು ಒಪ್ಪಲಿಲ್ಲ.

“ನಮ್ಮಕ್ಕ ಮಿಲ್ವಾಕೀಯಿಂದ ಹೊರಟವ್ಳೆ. ಅವ್ನು ಹುಟ್ಟಿದಾಗ ಮೊದ್ಲು ಎತ್ಕೊಂಡೋಳು ಅವ್ಳು. ಅವ್ಳಿಲ್ದೆ ಹೆಂಗೆ ಬಿಡ್ಲಿ?”

“ದೊಡ್ಡಮ್ಮ ಯಾವತ್ತು ಟೈಮಿಗೆ ಬಂದವ್ಳೆ? ತನ್ನ ಮದುವೆಗೇ ಲೇಟಾಗಿ ಬಂದೋಳು,” ಎಂದ ಡಾರ್ನೆಜ್. ಎಲ್ಲರೂ ನಕ್ಕರು, ಮಿಸ್ ವರ್ನೀಟಾ ಕೂಡ.

ದೊಡ್ಡಮ್ಮ ಬಂದಾಗ ನಾಲ್ಕಕ್ಕೆ ಹನ್ನೆರಡು ನಿಮಿಷವಿತ್ತು. ಬಲೂನು ಬಿಟ್ಟು ಹೊರಡಲು ಅಷ್ಟು ಸಾಕು. ಆದರೆ ಮಿಸ್ ವರ್ನೀಟಾ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಕೂಗಲು ಬಾಯಿ ತೆರೆದೆ, ದನಿ ಏಳಲಿಲ್ಲ. ಹತ್ತಿರ ಹೋಗಿ ಅವರ ಮೊಣಕೈ ಮುಟ್ಟಿದೆ. ಪ್ರಾರ್ಥನೆಗೆ ಸೇರಲು ಬಂದೆನೆಂದುಕೊಂಡು ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ನನ್ನ ಇನ್ನೊಂದು ಕೈಯನ್ನು ದೊಡ್ಡಮ್ಮ ಹಿಡಿದರು. ಸುತ್ತಲೂ ಕೈಗೆ ಕೈ ಸೇರಿತು. ಬಿಡಿಸಿಕೊಳ್ಳಲು ಸಣ್ಣದೊಂದು ಎಳೆತ ಸಾಕಿತ್ತು. ನಾನು ಎಳೆಯಲಿಲ್ಲ. ಜೇಬಿನಲ್ಲಿ ಫೋನು ಅದುರಿತು, ನಿಂತಿತು, ಮತ್ತೆ ಅದುರಿತು; ಸೇತುವೆಯ ಬಳಿಯಿಂದ ಓಝೆಲ್ ಅಂಕಲ್ ಇರಬೇಕು. “ಉಳಿದಿರೋ ಒಬ್ನನ್ನಾದ್ರೂ ನಂಗೆ ಬಿಡಪ್ಪಾ ದೇವ್ರೇ” ಎಂದು ಆ ತಾಯಿ ಬೇಡುತ್ತಿರುವಾಗ ನಡುವೆ ಬಾಯಿ ಹಾಕುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಆಮೆನ್ ಎನ್ನುವಾಗ ನಾಲ್ಕೂಕಾಲು. ಬಲೂನುಗಳು ಮೇಲೇರಿದವು, ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರು. ಬೂದು ಬಣ್ಣದ ಕಾರೊಂದು ನಿಧಾನವಾಗಿ ಬಂದದ್ದನ್ನು ಮೊದಲು ಕಂಡವನು ಡಾರ್ನೆಜ್. ತಾಯಿಗೆ ಅಡ್ಡವಾಗಿ ನಿಂತ. ಕಾರಿನ ಗಾಜು ಇಳಿಯಿತು. ಒಳಗಿದ್ದವನೊಬ್ಬ ಫೋನೆತ್ತಿ ಅವನ ಫೋಟೊ ತೆಗೆದ.

“ಗಡಿಯಾರ ನೋಡಕ್ಕೆ ಬರಲ್ವೇನ್ರೋ?” ಎಂದ. ಕಾರು ಹೊರಟುಹೋಯಿತು.

ಐದೂವರೆಗೆಲ್ಲ ಆ ಫೋಟೊ ಹಳಿಯಾಚೆ ಎಲ್ಲರ ಫೋನಿನಲ್ಲಿತ್ತು. ಅಂಗಿಯ ಮೇಲಿನ ಬೇಕರಿಯ ಹೆಸರೂ ಸ್ಪಷ್ಟವಾಗಿ ಓದುವಂತಿತ್ತು.

“ಮಾತು ಮುರಿದೋರು ನಾವು ಅಂತಾರೆ. ಇನ್ನು ನಾನು ಹೋದ್ರೆ ಬಾಗಿಲೂ ತೆಗೆಯಲ್ಲ,” ಎಂದರು ಓಝೆಲ್ ಅಂಕಲ್. ನನ್ನನ್ನು ಬಯ್ಯಲಿಲ್ಲ. “ಇವ್ನನ್ನ ಈಗ್ಲೇ ಊರು ಬಿಡಿಸ್ಬೇಕು.”

ಡಾರ್ನೆಜ್ ಒಂದು ಚೀಲ ಹಿಡಿದು ದೊಡ್ಡಮ್ಮನ ಕಾರು ಹತ್ತಿದ. “ಸೋಮವಾರ ಬೆಳಗ್ಗೆ ನನ್ನ ಪಾಳಿ ಇದೆ, ಮಿಸ್. ಬೇಕರಿಯೋರಿಗೆ ಏನಾದ್ರೂ ಹೇಳಿ. ಹೇಳ್ದೆ ಕೇಳ್ದೆ ಬಿಟ್ಟೋದ ಅಂತ ಅನ್ಕೋಬಾರ್ದು.”

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಮಿಸ್ ವರ್ನೀಟಾ ನನ್ನ ಕೈ ಹಿಡಿದರು. “ನಿಮ್ಮ ಆಫೀಸಿನೋರು ಎಷ್ಟೋ ಜನ ಬಂದ್ರು, ಮಗಳೇ. ನನ್ನ ಪಕ್ಕ ನಿಂತು ಪ್ರಾರ್ಥನೆ ಮಾಡ್ದೋಳು ನೀನೊಬ್ಳೇ.”

ನಾನು ಬಂದದ್ದು ಪ್ರಾರ್ಥನೆಗಲ್ಲ, ಹೊತ್ತಾಯಿತು ಎಂದು ಹೇಳಲು ಬಂದಿದ್ದೆ ಎಂದೆ. ಅವರಿಗೆ ಕೇಳಿಸಲಿಲ್ಲ. “ಏನಂದೆ?” ಎಂದು ಬಾಗಿದರು. ಎರಡನೆಯ ಸಲ ಜೋರಾಗಿ ಹೇಳಿದೆ.

ಅವರು ನನ್ನ ಕೈ ಬಿಟ್ಟರು.